ಮುಚ್ಚಳ ತೆಗೆಯದೆ ಬೆಲೆ ಹೇಳದ ಭಾವ

ನಮ್ಮ ಭಾವನನ್ನು ಕಂಡವರೆಲ್ಲ ಒಳ್ಳೆಯ ಮನುಷ್ಯ ಅನ್ನುತ್ತಾರೆ. ನಾನೂ ಅನ್ನುತ್ತೇನೆ, ಹಲ್ಲು ಕಚ್ಚಿಕೊಂಡು. ಕುಡಿತವಿಲ್ಲ, ಇಸ್ಪೀಟಿಲ್ಲ, ಯಾರ ಮೇಲೂ ದನಿ ಏರಿಸಿದವರಲ್ಲ. ಅಕ್ಕನನ್ನು ಮದುವೆಯಾದ ಮೇಲೆ ನನ್ನ ಓದಿನ ಫೀಸು ಕಟ್ಟಿದವರೂ ಅವರೇ. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ ಅನ್ನುವುದು ಮಾಡಿಕೊಂಡವರಿಗೇ ಗೊತ್ತು. ಬೈಯೋಣವೆಂದು ಬಾಯಿ ತೆರೆದರೆ ಅವರು ಕುರ್ಚಿ ಎಳೆದು, "ಕೂತ್ಕೊಂಡು ಬೈಯಮ್ಮ, ನಿಂತ್ರೆ ಕಾಲು ನೋಯುತ್ತೆ" ಅನ್ನುತ್ತಾರೆ.

ಭಾವ ಜೀವಮಾನವೆಲ್ಲ ದುಡಿದದ್ದು ಒಂದೇ ಕಂಪನಿಯಲ್ಲಿ. ಬಹಳ ಹಳೆಯ ಕಂಪನಿ. ನಮ್ಮ ತಾತನ ಕಾಲದಲ್ಲಿ ಅದು ಲೆಕ್ಕ ಕೂಡಿಸುವ ಯಂತ್ರ ಮಾಡುತ್ತಿತ್ತಂತೆ. ಆಮೇಲೆ ಟೈಪ್‌ರೈಟರು, ಆಮೇಲೆ ಕಾಪಿ ತೆಗೆಯುವ ಯಂತ್ರ, ಕಂಪ್ಯೂಟರು, ಪ್ರಿಂಟರು. ಭಾವ ಇದ್ದದ್ದು ರಿಪೇರಿ ವಿಭಾಗದಲ್ಲಿ. ಗಿರಾಕಿಗಳು ಫೋನು ಮಾಡಿ "ಸುಮಾರು ಎಷ್ಟಾಗಬಹುದು" ಅಂದರೆ ಬೇರೆಯವರು ಬಾಯಿಗೆ ಬಂದದ್ದು ಹೇಳುತ್ತಿದ್ದರು. ಭಾವ ಹೇಳುತ್ತಿರಲಿಲ್ಲ. "ಮುಚ್ಚಳ ತೆಗೀದೆ ಬೆಲೆ ಹೇಳೋದೂ ಒಂದೇ, ಸುಳ್ಳು ಹೇಳೋದೂ ಒಂದೇ" ಅನ್ನುವುದು ಅವರ ಮಾತು. ಹೊಸದಾಗಿ ಸೇರಿದವರಿಗೆಲ್ಲ ಇದೇ ಮೊದಲ ಪಾಠವಾದ್ದರಿಂದ ವಿಭಾಗದಲ್ಲಿ ಅವರಿಗೆ ಮುಚ್ಚಳ ಮೇಷ್ಟ್ರು ಎಂದು ಹೆಸರು ಬಿದ್ದಿತ್ತು.

ಆ ಕಂಪನಿ ವರ್ಷಕ್ಕೊಮ್ಮೆ ನೌಕರರಿಗೆ ಕಡಿಮೆ ಬೆಲೆಗೆ ತನ್ನ ಷೇರು ಕೊಡುತ್ತಿತ್ತು. ಉಳಿದವರು ಕೈಗೆ ಬಂದ ಕೂಡಲೇ ಮಾರಿ ಸ್ಕೂಟರು ಕೊಂಡರು, ಫ್ರಿಜ್ಜು ಕೊಂಡರು, ಕೆಲವರು ಮನೆಯನ್ನೇ ಕಟ್ಟಿದರು. ಭಾವ ಒಂದನ್ನೂ ಮಾರಲಿಲ್ಲ. ನಿವೃತ್ತಿಯಾದಾಗ ಅವರ ಹತ್ತಿರ ಇದ್ದದ್ದು ಸಣ್ಣ ಪಿಂಚಣಿ, ಒಂದು ಪೆಟ್ಟಿಗೆ ಸ್ಕ್ರೂಡ್ರೈವರು ಮತ್ತು ಆ ಷೇರುಗಳು. ಷೇರುಗಳ ಬೆಲೆಯೋ ವರ್ಷಾನುಗಟ್ಟಲೆಯಿಂದ ಮಲಗಿದ ಎಮ್ಮೆಯ ಹಾಗೆ ಇದ್ದಲ್ಲೇ ಇತ್ತು, ಆಗೊಮ್ಮೆ ಈಗೊಮ್ಮೆ ಬಾಲ ಬೀಸುವುದು ಬಿಟ್ಟರೆ ಏಳುತ್ತಿರಲಿಲ್ಲ.

ಅಕ್ಕನದು ಹೊಲಿಗೆಯ ಅಂಗಡಿ. ಹೊಸ ಬಟ್ಟೆ ಹೊಲಿಯುವುದಲ್ಲ, ಇದ್ದ ಬಟ್ಟೆ ಸರಿ ಮಾಡುವುದು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ಪು ಬದಲಿಸುವುದು, ದಪ್ಪಗಾದವರಿಗೆ ಸೊಂಟ ಬಿಡಿಸುವುದು, ತೆಳ್ಳಗಾಗುತ್ತೇನೆಂದು ಹೊರಟವರಿಗೆ ಹಿಡಿದು ಕೊಡುವುದು, ಅವರೇ ಎರಡು ತಿಂಗಳ ಮೇಲೆ ತಲೆ ತಗ್ಗಿಸಿಕೊಂಡು ಬಂದರೆ ಏನೂ ಕೇಳದೆ ಮತ್ತೆ ಬಿಡಿಸುವುದು. ಅಂಗಡಿಯೆಂದರೆ ಒಂದು ಬಾಡಿಗೆ ಕೋಣೆ. ಬಾಗಿಲೆದುರಿಗೇ ಬಸ್ ನಿಲ್ದಾಣ. ಜನ ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ಬಟ್ಟೆ ಎಸೆದು ಹೋಗುತ್ತಿದ್ದರು, ಸಂಜೆ ಇಳಿದು ತೆಗೆದುಕೊಂಡು ಹೋಗುತ್ತಿದ್ದರು. ಆ ಅಂಗಡಿಯ ಗುಟ್ಟು ಅಷ್ಟೇ. ಅದಕ್ಕೆ ಬೋರ್ಡು ಕೂಡ ಇರಲಿಲ್ಲ.

ಕೋಣೆಯ ಮಾಲೀಕರು ಮಹಡಿಯ ಮೇಲೆ ಇದ್ದ ಹಲ್ಲಿನ ಡಾಕ್ಟರು. ವಯಸ್ಸಾಗಿತ್ತು, ಮಗಳ ಊರಿಗೆ ಹೊರಟಿದ್ದರು. ಒಂದು ದಿನ ಕೆಳಗಿಳಿದು ಬಂದು ಅಕ್ಕನ ಎದುರು ಕೂತರು.

"ನೋಡಮ್ಮ, ಈ ಕೋಣೆ ಮಾರ್ತಿದೀನಿ. ಮೊದಲು ನಿನ್ನನ್ನೇ ಕೇಳ್ತಿದೀನಿ. ಮುಂದಿನ ತಿಂಗಳ ಕೊನೆವರೆಗೂ ಬೇರೆ ಯಾರಿಗೂ ಮಾತು ಕೊಡಲ್ಲ. ಆದ್ರೆ ಪೂರ್ತಿ ದುಡ್ಡು ಒಟ್ಟಿಗೆ ಬೇಕು. ಕಂತು ಗಿಂತು ಅಂದ್ರೆ ನಾನು ಅಲ್ಲಿಂದ ಓಡಾಡೋಕಾಗಲ್ಲ."

ಅಕ್ಕ ಬ್ಯಾಂಕಿಗೆ ಹೋದಳು. ಬೋರ್ಡೇ ಇಲ್ಲದ ಅಂಗಡಿಗೆ ಸಾಲವಿಲ್ಲ ಅಂದರು. ಉಳಿದದ್ದು ಭಾವನ ಷೇರುಗಳು. ಲೆಕ್ಕ ಹಾಕಿದರೆ ಕೋಣೆಯ ಬೆಲೆಗೆ ಸರಿಯಾಗಿ ಬರುತ್ತಿತ್ತು, ನೋಂದಣಿ ಖರ್ಚಿಗೆ ಅಕ್ಕನ ಬಳೆ ಇದ್ದವು. ನನಗಂತೂ ಇದರಲ್ಲಿ ಯೋಚನೆ ಮಾಡುವಂಥದ್ದೇನೂ ಕಾಣಲಿಲ್ಲ. ಷೇರು ಮಾರು, ಕೋಣೆ ಕೊಳ್ಳು, ಬಾಡಿಗೆ ಉಳಿಸು. ಒಂದನೇ ತರಗತಿಯ ಮಗುವಿಗೂ ಹೊಳೆಯುವ ಲೆಕ್ಕ.

ಭಾವ ಇಲ್ಲ ಅನ್ನಲಿಲ್ಲ. ಇಲ್ಲ ಅಂದಿದ್ದರೆ ಜಗಳವಾಡಬಹುದಿತ್ತು.

"ಮಾರೋದಾದ್ರೆ ಮಾರೋಣ" ಅಂದರು. "ಆದ್ರೆ ಏನನ್ನ ಮಾರ್ತಿದೀವಿ ಅಂತ ಗೊತ್ತಾಗ್ಬೇಕಲ್ಲ? ಚಿನ್ನಾನ ಹಿತ್ತಾಳೆ ರೇಟಿಗೆ ಕೊಟ್ಟುಬಿಟ್ರೆ? ಒಂದ್ಸಲ ಪರೀಕ್ಷೆ ಮಾಡೋಣ."

ನಾನು ಲಾರಿ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವವಳು. ಭಾವ ನನ್ನನ್ನು ಕರೆಯುವುದೇ ಲೆಕ್ಕದಮ್ಮ ಎಂದು. ಪರೀಕ್ಷೆಯ ಕೆಲಸ ನನ್ನ ತಲೆಗೆ ಬಂತು. ಒಳ್ಳೆಯದೇ ಆಯಿತು, ಬೇಗ ಮುಗಿಸಿ ಕೈಗೆ ಕೊಡೋಣವೆಂದು ಕಂಪನಿಯ ಐದಾರು ವರ್ಷದ ವರದಿಗಳನ್ನು ಇಳಿಸಿಕೊಂಡು ಎರಡು ಭಾನುವಾರ ಕೂತು ಓದಿದೆ. ಮೊದಲ ಪುಟಗಳಲ್ಲಿ ನಗುವ ಮುಖಗಳು, ಗಾಜಿನ ಕಟ್ಟಡಗಳು, ಪ್ರತಿ ವರ್ಷಕ್ಕೂ ಒಂದು ಹೊಸ ಘೋಷಣೆ. ಅಂಕಿಗಳಿದ್ದದ್ದು ಹಿಂದೆ, ಸಣ್ಣ ಅಕ್ಷರದಲ್ಲಿ.

ಭಾವನ ಊಟದ ಮೇಜಿನ ಮೇಲೆ ಎಲ್ಲ ಹರಡಿ ವಿವರಿಸಿದೆ. ಯಂತ್ರಗಳ ಮಾರಾಟ ವರ್ಷ ವರ್ಷ ಇಳಿಯುತ್ತಿದೆ. ಶಾಯಿಯ ಮಾರಾಟ ಏರುತ್ತಿದೆ. ರಿಪೇರಿಯಿಂದ ಬರುವ ಹಣ ಕಾಲು ಭಾಗಕ್ಕೆ ಇಳಿದಿದೆ. ಒಟ್ಟು ಲಾಭ ಇದ್ದಲ್ಲೇ ಇದೆ, ಆದರೆ ಒಂದೊಂದು ಷೇರಿನ ಪಾಲಿಗೆ ಬರುವ ಲಾಭ ಏರಿದ ಹಾಗೆ ಕಾಣುತ್ತದೆ.

"ಅದು ಹೇಗೆ?" ಅಂದರು ಭಾವ.

"ಕಂಪನಿ ತನ್ನ ದುಡ್ಡಲ್ಲೇ ತನ್ನ ಷೇರು ವಾಪಸ್ ಕೊಳ್ತಿದೆ ಭಾವ. ಪಾತ್ರೆಯಲ್ಲಿರೋ ಅನ್ನ ಅಷ್ಟೇ. ಊಟಕ್ಕೆ ಕೂತವರು ಕಡಿಮೆಯಾಗಿದ್ದಾರೆ. ಅದಕ್ಕೇ ತಟ್ಟೆ ತುಂಬಿದ ಹಾಗೆ ಕಾಣುತ್ತೆ."

"ಬೆಲೆ ಕಡಿಮೆ ಇದೆಯಲ್ಲ? ಬೇರೆ ಕಂಪನಿಗಳದ್ದು ಲಾಭದ ಮೂವತ್ತು ಪಟ್ಟಿಗೆ ಮಾರುತ್ತೆ, ನಮ್ಮದು ಹತ್ತು ಪಟ್ಟಿಗೆ ಅಂತ ಪೇಪರಲ್ಲಿತ್ತು."

"ಕಡಿಮೆ ಇರೋದಕ್ಕೆ ಕಾರಣ ಇರುತ್ತೆ. ಬೆಳೆಯುತ್ತೆ ಅಂತ ಯಾರಿಗೂ ನಂಬಿಕೆ ಇಲ್ಲ. ಈ ಕಂಪನಿ ನಾಳೆ ಮುಳುಗಲ್ಲ, ನಾಳಿದ್ದು ಹಾರೋದೂ ಇಲ್ಲ. ವರ್ಷಕ್ಕಿಷ್ಟು ಲಾಭಾಂಶ ಕೊಟ್ಕೊಂಡು ಹೀಗೇ ಇರುತ್ತೆ. ಅಕ್ಕನ ಬಾಡಿಗೆ ಅದಕ್ಕಿಂತ ಜಾಸ್ತಿ. ಮಾರಿಬಿಡಿ."

ಭಾವ ವರದಿಯನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಡಿಯಲ್ಲಿ ಎಲ್ಲಾದರೂ ಸ್ಕ್ರೂ ಇದೆಯೇ ಎಂದು ಹುಡುಕುವ ಹಾಗಿತ್ತು.

"ಚೆನ್ನಾಗಿ ನೋಡಿದೀಯ ಲೆಕ್ಕದಮ್ಮ. ಆದ್ರೆ ಇದೆಲ್ಲ ಹೊರಗಿನ ಪೇಂಟು. ಬರೆದವರು ಅವರೇ ತಾನೆ? ಕಂಪನಿ ಅಂದ್ರೆ ಅದು ಮಾಡೋ ಮಷೀನು. ಒಳಗೆ ಹೇಗಿದೆ ಅಂತ ನೋಡಿದ್ರೆ ಹತ್ತು ವರ್ಷದ ಭವಿಷ್ಯ ಹೇಳ್ತೀನಿ."

ಎರಡು ಭಾನುವಾರ ಹಾಳಾದ ಸಂಕಟಕ್ಕೆ ಅಕ್ಕನ ಕಡೆ ನೋಡಿದೆ. ಅವಳು, "ಅವರ ದುಡಿಮೆ. ಅವರೇ ಮನಸ್ಸು ಮಾಡ್ಲಿ" ಅಂದಳು. ಷೇರುಗಳು ಭಾವನ ಹೆಸರಲ್ಲಿದ್ದವು, ರುಜು ಅವರದ್ದೇ ಬೇಕಿತ್ತು. ಆದರೂ ಅವಳು ಒಂದು ಮಾತು ಗಟ್ಟಿಯಾಗಿ ಆಡಬಹುದಿತ್ತು. ನಾನು ಅವಳಾಗಿದ್ದರೆ ಮನೆ ರಣರಂಗ ಮಾಡುತ್ತಿದ್ದೆ.

ಮರುವಾರ ಭಾವ ಕಂಪನಿಯ ಹೊಸ ಮಾದರಿಯ ಪ್ರಿಂಟರನ್ನು ಕೊಂಡು ತಂದರು. ಮನೆಯ ಮೇಜು ಅಲುಗುತ್ತದೆಂದು ಅದನ್ನು ಅಕ್ಕನ ಅಂಗಡಿಯಲ್ಲಿ, ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಇಟ್ಟರು. ಜನರ ಪ್ಯಾಂಟುಗಳು ಕುರ್ಚಿಗೆ ಹೋದವು. ಕುರ್ಚಿಯಲ್ಲಿ ಕೂರುತ್ತಿದ್ದ ಗಿರಾಕಿಗಳು ಬಾಗಿಲಿಗೆ ಹೋದರು. ಅಕ್ಕ ಮಡಿಲಲ್ಲೇ ಬಟ್ಟೆ ಇಟ್ಟುಕೊಂಡು ಕತ್ತರಿಸತೊಡಗಿದಳು.

ಭಾವ ಕನ್ನಡಕ ಏರಿಸಿ, ಪೆಟ್ಟಿಗೆ ಬಿಚ್ಚಿ, ಸ್ಕ್ರೂಡ್ರೈವರುಗಳನ್ನು ಸಾಲಾಗಿ ಜೋಡಿಸಿ ಯಂತ್ರವನ್ನು ಮಗುಚಿದರು. ಸ್ಕ್ರೂ ಇರಲಿಲ್ಲ. ಪಕ್ಕಕ್ಕೆ ತಿರುಗಿಸಿದರು. ಅಲ್ಲೂ ಇರಲಿಲ್ಲ. ಅಂಟಿಸಿದ ಚೀಟಿಗಳನ್ನು ಎಬ್ಬಿಸಿ ಕೆಳಗೆ ನೋಡಿದರು, ರಬ್ಬರಿನ ಕಾಲುಗಳನ್ನು ಕಿತ್ತು ನೋಡಿದರು, ಟಾರ್ಚು ಬಿಟ್ಟು ನೋಡಿದರು. ಒಂದು ಸ್ಕ್ರೂ ಕೂಡ ಸಿಗಲಿಲ್ಲ. ಆ ದಿನ ಮುಗಿಯಿತು. ಮರುದಿನವೂ ಅದೇ ಆಯಿತು. ಆ ವಾರವೆಲ್ಲ ನಾನು ಕೆಲಸ ಮುಗಿಸಿ ಬರುವ ಹೊತ್ತಿಗೆ ಭಾವ ಯಂತ್ರವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ ಕೂತಿರುತ್ತಿದ್ದರು.

"ಒಡೆದು ನೋಡಿ ಭಾವ, ಅತ್ಲಾಗೆ ಹಾಳಾಗಿ ಹೋಗ್ಲಿ!" ಅಂದೆ.

"ಒಡೆಯೋದು ಕಳ್ಳರ ಕೆಲಸ. ಮಾಡಿದವನು ಎಲ್ಲೋ ಒಂದು ದಾರಿ ಇಟ್ಟಿರ್ತಾನೆ."

ಕೊನೆಗೆ ಕಂಪನಿಯ ಸಹಾಯವಾಣಿಗೇ ಫೋನು ಮಾಡಿದರು. ಸ್ಪೀಕರಿಗೆ ಹಾಕಿದ್ದರಿಂದ ನಾನು, ಅಕ್ಕ, ಜಿಪ್ಪು ಹಾಕಿಸಲು ಬಂದಿದ್ದ ನರ್ಸಮ್ಮ, ಎಲ್ಲರೂ ಕೇಳಿಸಿಕೊಂಡೆವು.

"ಈ ಮಾಡೆಲ್ಲಿಗೆ ಮುಚ್ಚಳದ ಸ್ಕ್ರೂ ಎಲ್ಲಿದೆ ಹೇಳಮ್ಮ" ಅಂದರು ಭಾವ.

"ಪ್ರಿಂಟ್ ಬರ್ತಿಲ್ವಾ ಸರ್?"

"ಬರುತ್ತೆ. ಚೆನ್ನಾಗಿ ಬರುತ್ತೆ."

"ಹಾಗಾದ್ರೆ ಸಮಸ್ಯೆ ಏನು ಸರ್?"

"ಸಮಸ್ಯೆ ಇಲ್ಲ. ಒಳಗೆ ನೋಡ್ಬೇಕು."

"ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡ್ತೀರಾ ಸರ್?"

"ನಾನು ನಿಮ್ಮ ಕಂಪನಿಯಲ್ಲೇ ಇದ್ದವನು ತಾಯಿ. ಸರ್ವೀಸಲ್ಲಿ. ಕೂದಲು ಬೆಳ್ಳಗಾಗೋವರೆಗೂ ಇದ್ದೆ."

"ತುಂಬಾ ಸಂತೋಷ ಸರ್. ಸೀರಿಯಲ್ ನಂಬರ್ ಹೇಳಿ."

"ಮಷೀನಿಂದಾ, ನಂದಾ?"

ನರ್ಸಮ್ಮ ಕಿಸಕ್ಕನೆ ನಕ್ಕಳು. ಭಾವ ನಗಲಿಲ್ಲ. ಫೋನು ಇಟ್ಟು ಬಹಳ ಹೊತ್ತು ಸ್ಕ್ರೂಡ್ರೈವರುಗಳನ್ನು ಒರೆಸುತ್ತಾ ಕೂತರು. ಆ ಹೊತ್ತಿನಲ್ಲಿ ನನಗೂ ಅವರ ಮೇಲೆ ಅಯ್ಯೋ ಅನ್ನಿಸಿತು. ಆದರೆ ಗೋಡೆಯ ಕ್ಯಾಲೆಂಡರು ನೋಡಿದ ಕೂಡಲೇ ಮತ್ತೆ ಮೈ ಉರಿಯಿತು. ಷೇರು ಮಾರಿದರೆ ದುಡ್ಡು ಕೈಗೆ ಬರಲು ಕೆಲವು ದಿನ ಬೇಕು. ಅದನ್ನು ನಾನು ಮತ್ತೆ ಮತ್ತೆ ಹೇಳಿದ್ದೆ. ಹಲ್ಲಿನ ಡಾಕ್ಟರು ಎರಡು ಸಲ ಕೆಳಗಿಳಿದು ಬಂದು, "ಏನಮ್ಮ, ಒಂದು ತಾರೀಕು ಹೇಳ್ತೀಯಾ?" ಎಂದು ಕೇಳಿದ್ದರು. ಎರಡು ಸಲವೂ ಅಕ್ಕ "ಮನೆಯವರು ನೋಡ್ತಿದಾರೆ ಡಾಕ್ಟ್ರೇ" ಅಂದಿದ್ದಳು. ಮನೆಯವರು ನೋಡುತ್ತಿದ್ದದ್ದನ್ನು ಡಾಕ್ಟರೂ ಕಣ್ಣಾರೆ ಕಂಡರು. ಭಾವ ಮೇಜಿನ ಮೇಲೆ ಮಗುಚಿಕೊಂಡಿದ್ದ ಯಂತ್ರದ ಹೊಟ್ಟೆಗೆ ಟಾರ್ಚು ಬಿಡುತ್ತಿದ್ದರು.

ಭಾವನಿಗೆ ಹಳೆಯ ಸಹೋದ್ಯೋಗಿ ಒಬ್ಬನಿದ್ದ. ಕಾಪಿ ಯಂತ್ರದ ಟೋನರ್ ಪುಡಿ ಮೆತ್ತಿ ಬೆರಳು ಸದಾ ಕಪ್ಪಾಗಿರುತ್ತಿದ್ದುದರಿಂದ ಎಲ್ಲರೂ ಅವನನ್ನು ಟೋನರ್ ಅನ್ನುತ್ತಿದ್ದರು. ಈಗ ಕೆಟ್ಟ ಯಂತ್ರಗಳನ್ನು ತೂಕಕ್ಕೆ ಕೊಳ್ಳುವ ಗೋದಾಮು ಇಟ್ಟಿದ್ದ. ಡಾಕ್ಟರು ಹೇಳಿದ ತಿಂಗಳ ಕೊನೆ ಹತ್ತಿರವಾದಾಗ ಭಾವ ಯಂತ್ರವನ್ನು ಎತ್ತಿಕೊಂಡು ಅಲ್ಲಿಗೆ ಹೊರಟರು. ಇವತ್ತಾದರೂ ಇದು ಮುಗಿಯಲಿ ಎಂದು ನಾನು ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದೆ.

ಗೋದಾಮಿನಲ್ಲಿ ಇದೇ ಮಾದರಿಯ ಯಂತ್ರಗಳನ್ನು ಸೂರಿನವರೆಗೂ ಪೇರಿಸಿದ್ದರು. ಧೂಳು ಕೂಡ ಕೂತಿರದ ಹೊಸ ಯಂತ್ರಗಳು.

"ಮೇಷ್ಟ್ರೇ, ಈಗ ಯಾರೂ ಮುಚ್ಚಳ ತೆಗೆಯಲ್ಲ" ಅಂದ ಟೋನರ್. "ಕೆಟ್ರೆ ಬದಲಾಯಿಸ್ತಾರೆ. ನಮ್ಮ ವಿಭಾಗ ಮುಚ್ಚಿಯೇ ಹೋಯ್ತಲ್ಲ, ನಿಮಗೆ ಯಾರೂ ಹೇಳ್ಲಿಲ್ವಾ?"

ಒಂದು ಚಪ್ಪಟೆ ಪ್ಲಾಸ್ಟಿಕ್ ಪಟ್ಟಿಯನ್ನು ಸಂದಿಗೆ ತೂರಿಸಿ ಅಮುಕಿದ. ಮುಚ್ಚಳ ಟಕ್ಕೆಂದು ಎದ್ದಿತು, ಒಳಗೊಂದು ಕೊಕ್ಕೆ ಮುರಿಯಿತು. ಇನ್ನು ಅದು ಮೊದಲಿನಂತೆ ಕೂರುವುದಿಲ್ಲವಂತೆ. ಭಾವ ಬಗ್ಗಿ ನೋಡಿದರು. ತೆಳ್ಳನೆಯ ಪ್ಲಾಸ್ಟಿಕ್ ಗಾಲಿಗಳು, ಉಗುರಿನಲ್ಲಿ ಒತ್ತಿದರೆ ಬಳುಕುವಂಥ ಚೌಕಟ್ಟು. ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಒಂದು ಎಲೆಕ್ಟ್ರಾನಿಕ್ ಚಿಪ್.

"ಇದೇನು ಮಾಡುತ್ತೆ?"

"ಪುಟ ಎಣಿಸುತ್ತೆ. ಇಷ್ಟು ಪುಟ ಆದ್ಮೇಲೆ ಮಷೀನು ನಿಂತು ಹೋಗುತ್ತೆ. ಏನೂ ಕೆಟ್ಟಿರಲ್ಲ. ಸುಮ್ನೆ ನಿಲ್ಲುತ್ತೆ."

ವಾಪಸ್ ಬರುವಾಗ ಬಸ್ಸಿನಲ್ಲಿ ಭಾವ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಕಸ" ಅಂದರು ಕೊನೆಗೆ. "ಇಂಥ ಕಸ ಮಾಡೋ ಕಂಪನಿ ಉಳಿಯಲ್ಲ."

ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಲೆಕ್ಕ ಬರೆಯುವವಳ ಬಾಯಿ ಸುಮ್ಮನಿರುವುದಿಲ್ಲ. "ಮಷೀನಿಗೆ ಕಸ, ಷೇರಿಗೆ ಅದೇ ಬಂಗಾರ ಭಾವ. ನಿಂತ್ರೆ ಜನ ಇನ್ನೊಂದು ಕೊಳ್ತಾರಲ್ಲ? ವರ್ಷ ವರ್ಷ ನಿಮಗೆ ಬರೋ ಲಾಭಾಂಶ ಅಲ್ಲಿಂದಾನೇ ಬರೋದು" ಅಂದೆ.

ಭಾವ ನನ್ನ ಮುಖ ನೋಡಿದರು. ಅವರಿಗೆ ಅಂಥ ಪೆಟ್ಟು ಬೀಳಬಹುದೆಂದು ನಾನು ಎಣಿಸಿರಲಿಲ್ಲ. ಒಳಗೆ ನೋಡಿದರೆ ತೀರ್ಮಾನವಾಗುತ್ತದೆ ಎಂದು ಅವರು ನಂಬಿದ್ದರು. ನೋಡಿಯಾಯಿತು, ತೀರ್ಮಾನ ಇನ್ನೂ ಗೋಜಲಾಯಿತು. ರಿಪೇರಿಯವರ ಕಣ್ಣಿಗೆ ಅದು ಮುಟ್ಟಬಾರದ ವಸ್ತು, ಷೇರುದಾರರ ಕಣ್ಣಿಗೆ ಬಿಡಬಾರದ ವಸ್ತು. ಒಂದೇ ತಲೆಯೊಳಗೆ ಇಬ್ಬರೂ ಕೂತು ಮೀನಮೇಷ ಎಣಿಸಿದರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಭಾವ ಸಂಜೆಯೆಲ್ಲ ರಸ್ತೆಯಲ್ಲಿ ಅಡ್ಡಾಡಿದರು. ನಾನು ಮಾರಾಟದ ಕಾಗದ ತುಂಬಿ ರುಜುವಿನ ಜಾಗ ಮಾತ್ರ ಬಿಟ್ಟು ಅವರ ಚಹಾದ ಲೋಟದ ಕೆಳಗೆ ಇಟ್ಟೆ. ಲೋಟದ ಗುರುತು ಬಿತ್ತೇ ಹೊರತು ರುಜು ಬೀಳಲಿಲ್ಲ.

ಕೊನೆಗೊಂದು ಬೆಳಿಗ್ಗೆ ರುಜು ಹಾಕಿದರು. ಹಾಕಿ, ಕಾಗದ ಹಿಡಿದುಕೊಂಡು ನನ್ನನ್ನೂ ಕರೆದುಕೊಂಡು ಅಂಗಡಿಗೆ ನಡೆದರು. ಅಕ್ಕ ಗೋಡೆಗೆ ಬಡಿದಿದ್ದ ದಾರದ ಉಂಡೆಗಳ ಹಲಗೆಯನ್ನು ಇಳಿಸುತ್ತಿದ್ದಳು.

"ಮಾರೋಣ" ಅಂದರು ಭಾವ. "ಯೋಚನೆ ಮಾಡಿದೆ. ಮಾರೋದೇ ಸರಿ."

"ಇನ್ನು ಬೇಡ ಬಿಡಿ" ಅಂದಳು ಅಕ್ಕ. "ಗಡುವು ಮುಗೀತಲ್ಲ, ಡಾಕ್ಟ್ರು ನಿನ್ನೆ ಮುಂಗಡ ಇಸ್ಕೊಂಡ್ರು. ಕೊಳ್ಳೋರು ಮೊಬೈಲ್ ಅಂಗಡಿಯವರು. ಪಾಪ, ನನ್ನನ್ನ ಕೊನೇ ಸಲ ಕೇಳಿಯೇ ಇಸ್ಕೊಂಡ್ರು. ಅವರ ತಪ್ಪೇನಿಲ್ಲ."

ಅವಳು ಅಳಲಿಲ್ಲ, ಕೂಗಲಿಲ್ಲ. ನಾನೇ ಅತ್ತದ್ದು, ಸಿಟ್ಟಿಗೆ. ಭಾವ ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡರು.

ಹೊಲಿಗೆ ಯಂತ್ರ ಮನೆಯಲ್ಲಿ ಅಡುಗೆಮನೆಗೂ ಮಲಗುವ ಕೋಣೆಗೂ ನಡುವಿನ ಓಣಿಗೆ ಬಂತು. ಆ ಮನೆ ಇದ್ದದ್ದು ಮೂರು ತಿರುವು ದಾಟಿ, ಮೂರನೇ ಮಹಡಿಯಲ್ಲಿ. ಒಂದು ಪ್ಯಾಂಟಿನ ಉದ್ದಕ್ಕಾಗಿ ಯಾರು ಮೂರು ಮಹಡಿ ಹತ್ತುತ್ತಾರೆ? ಮೊದಮೊದಲು ನರ್ಸಮ್ಮ, ಇನ್ನೂ ಕೆಲವರು ಏದುಸಿರು ಬಿಡುತ್ತಾ ಬಂದರು. ಆಮೇಲೆ ಅವರೂ ನಿಲ್ಲಿಸಿದರು. ರುಜು ಹಾಕಿದ ಕಾಗದವನ್ನು ಯಾರೂ ಎಲ್ಲಿಗೂ ಕಳಿಸಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳಬಹುದಿತ್ತು. ಅದೇ ವರ್ಷದ ಕೊನೆಯಲ್ಲಿ ಆ ಕಂಪನಿ ಇನ್ನು ಮುಂದೆ ತನ್ನ ಯಂತ್ರಗಳನ್ನು ಮಾರುವುದಿಲ್ಲ, ತಿಂಗಳ ಬಾಡಿಗೆಗೆ ಕೊಡುತ್ತದೆ, ಬಾಡಿಗೆ ತಪ್ಪಿದರೆ ಯಂತ್ರ ದೂರದಿಂದಲೇ ನಿಲ್ಲುತ್ತದೆ ಎಂದು ಪ್ರಕಟಿಸಿತು. ಮಾರುಕಟ್ಟೆಗೆ ಅದೆಷ್ಟು ಹಿಡಿಸಿತೆಂದರೆ ಮಲಗಿದ ಎಮ್ಮೆ ಎದ್ದು ಓಡಿತು. ಕೆಲವೇ ವಾರಗಳಲ್ಲಿ ಷೇರಿನ ಬೆಲೆ ಹತ್ತಿರ ಹತ್ತಿರ ಎರಡರಷ್ಟಾಯಿತು. ಹಾರುವುದಿಲ್ಲ ಎಂದು ಹೇಳಿದ್ದ ನಾನು ಪತ್ರಿಕೆಯನ್ನು ಮಡಚಿ ಕಚೇರಿಯ ಡ್ರಾಯರಿಗೆ ತುರುಕಿದೆ.

ಹಳೆಯ ಸಹೋದ್ಯೋಗಿಗಳು ಸಾಲುಗಟ್ಟಿ ಫೋನು ಮಾಡಿದರು. ಸ್ಕೂಟರು ಕೊಂಡವರು, ಫ್ರಿಜ್ಜು ಕೊಂಡವರು, ಎಲ್ಲರೂ. "ಭೇಷ್ ಮೇಷ್ಟ್ರೇ! ನೀವೊಬ್ಬರೇ ಜಾಣರು ನೋಡಿ. ಹೇಗೆ ಗೊತ್ತಾಯ್ತು ನಿಮಗೆ? ನಮಗೂ ಒಂದೆರಡು ಕಂಪನಿ ಹೇಳಿ." ಭಾವ ಕಿವಿಗೆ ಫೋನು ಹಿಡಿದು "ಹೂಂ, ಹೂಂ" ಅನ್ನುತ್ತಿದ್ದರು. ಏನೂ ಮಾಡದೆ ಕೂತದ್ದಕ್ಕೆ ಇಷ್ಟು ಹೊಗಳಿಕೆ ಬೇರೆ ಯಾವ ಕೆಲಸದಲ್ಲಿ ಸಿಗುತ್ತದೋ ನಾನರಿಯೆ.

ಒಂದು ಸಂಜೆ ನಾನು ಅಲ್ಲಿದ್ದಾಗಲೇ ಭಾವ ಹೊರಗಿನಿಂದ ಬಂದರು. ಮುಖದಲ್ಲಿ ಬಹಳ ದಿನದ ಮೇಲೆ ಗೆಲುವಿತ್ತು. ಓಣಿಯಲ್ಲಿ ಯಂತ್ರದೆದುರು ಕೂತಿದ್ದ ಅಕ್ಕನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡರು.

"ಹಿಂದಿನ ರಸ್ತೆಯಲ್ಲಿ ಒಂದು ಅಂಗಡಿ ನೋಡಿ ಬಂದೆ ಕಣೇ. ಆ ಕೋಣೆಯ ಎರಡರಷ್ಟು ಜಾಗ ಇದೆ. ದೊಡ್ಡ ಕನ್ನಡಿ ಹಾಕಿಸ್ಬಹುದು. ಈಗ ಷೇರು ಮಾರಿದ್ರೆ ಅದನ್ನ ಕೊಂಡು, ಇನ್ನೂ ದುಡ್ಡು ಮಿಗುತ್ತೆ. ಒಂದು ಲೆಕ್ಕಕ್ಕೆ ಕಾದಿದ್ದೇ ಒಳ್ಳೇದಾಯ್ತು ನೋಡು."

ಅಕ್ಕ ತುಳಿಯುವುದನ್ನು ನಿಲ್ಲಿಸಿದಳು.

"ಆ ರಸ್ತೆಯಲ್ಲಿ ಬಸ್ಸು ನಿಲ್ಲಲ್ಲ" ಅಂದಳು.

"ಬೋರ್ಡು ಹಾಕಿಸೋಣ. ಜನ ಹುಡುಕ್ಕೊಂಡು ಬರ್ತಾರೆ."

"ಹುಡುಕ್ಕೊಂಡು ಬರೋ ಅಂಥದ್ದೇನೂ ನಾನು ಮಾಡ್ತಿರ್ಲಿಲ್ಲ. ದಾರಿಯಲ್ಲಿ ಸಿಗ್ತಿದ್ದೆ, ಅದಕ್ಕೇ ಬರ್ತಿದ್ರು." ಅವಳು ಸೂಜಿಯ ಕೆಳಗಿಂದ ಬಟ್ಟೆ ಎಳೆದುಕೊಂಡು ದಾರ ಕತ್ತರಿಸಿದಳು. "ಆ ಕಂಪನಿ ನಡೆಯುತ್ತೋ ಇಲ್ವೋ ಅಂತ ಅಷ್ಟು ದಿನ ತಲೆ ಕೆಡಿಸ್ಕೊಂಡ್ರಿ. ನನ್ನ ಮೇಜಿನ ಮೇಲೇ ಇಟ್ಕೊಂಡು ನೋಡಿದ್ರಿ. ನನ್ನ ಅಂಗಡಿ ಹೇಗೆ ನಡೀತಿದೆ ಅಂತ ಒಂದು ದಿನ, ಒಂದೇ ಒಂದು ದಿನ, ಕೇಳಿದ್ರೇನ್ರೀ?"

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಒಲೆಯ ಮೇಲಿನ ಹಾಲು ಉಕ್ಕುವುದರಲ್ಲಿತ್ತು, ಆರಿಸಲು ಕೈ ಹೋಗಲಿಲ್ಲ. ಭಾವ ಸ್ಟೂಲಿನ ಮೇಲೆ ಬಗ್ಗಿ ಕೂತಿದ್ದರು. ಆಮೇಲೆ, ಮದುವೆಯಾದ ಇಷ್ಟು ವರ್ಷಗಳಲ್ಲಿ ಮೊದಲ ಸಲ, ಮೆಲ್ಲಗೆ ಕೇಳಿದರು:

"ಹೇಗೆ ನಡೀತಿತ್ತು?"

"ಚೆನ್ನಾಗಿ ನಡೀತಿತ್ತು" ಅಂದಳು ಅಕ್ಕ.